ಮಣೆ, ಮರಿಗೆ, ಮೆಟ್ಟುಕತ್ತಿ: ಓದುಗರು ಕೇಳಿದ್ದು, ಬಲ್ಲವರು ಹೇಳಿದ್ದು

ಮಳೆಗಾಲ ಹಿಡಿಯಿತೆಂದರೆ ಕರಾವಳಿಯ ಅಡುಗೆಮನೆಗಳಲ್ಲಿ ಮೊದಲು ಕೆಡುವುದು ಮರದ ಸಾಮಾನು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ಎರಡು ತಿಂಗಳ ಹಿಂದೆ ತಂದ ಮರದ ಹೆಚ್ಚುವ ಮಣೆ. ದಿನಾ ತೊಳೆದು, ಬಟ್ಟೆಯಲ್ಲಿ ಒರೆಸಿ, ಸಿಂಕ್ ಪಕ್ಕದಲ್ಲಿ ಗೋಡೆಗೆ ಒರಗಿಸಿ ಇಡುತ್ತೇನೆ. ಆದರೂ ಕೆಳಗಿನ ಅಂಚಿನಲ್ಲಿ ಕಪ್ಪು ಚುಕ್ಕಿ ಬಂದಿದೆ, ಮುಗ್ಗಲು ವಾಸನೆ ಬೇರೆ. ಇದನ್ನು ಬಿಸಾಡುವುದೇ ಒಳ್ಳೆಯದೇ?
— ಗೃಹಿಣಿ, ಕದ್ರಿ

ಉತ್ತರ: ಬಿಸಾಡಬೇಡಿ. ಚುಕ್ಕಿ ಎಲ್ಲಿ ಬಂದಿದೆ ಎನ್ನುವುದರಲ್ಲೇ ಕಾರಣ ಇದೆ. ಒರಗಿಸಿಟ್ಟ ಮಣೆಯ ನೀರೆಲ್ಲ ಇಳಿದು ಕೆಳಗಿನ ಅಂಚಿಗೆ ಬರುತ್ತದೆ. ಆ ಅಂಚು ಮರದ ಎಳೆಗಳ ತುದಿಯಾಗಿದ್ದರಂತೂ ಕೇಳುವುದೇ ಬೇಡ. ಮೇಲ್ಮೈಗಿಂತ ಎಷ್ಟೋ ಪಾಲು ಹೆಚ್ಚು ವೇಗವಾಗಿ ಅದು ನೀರು ಕುಡಿಯುತ್ತದೆ. ಗೋಡೆಯ ಟೈಲ್ಸಿಗೆ ತಾಗಿದ ಹಿಂಬದಿಗೆ ಗಾಳಿಯೂ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯ ತೇವಾಂಶ ಶೇಕಡಾ 85–90ರ ಆಸುಪಾಸಿನಲ್ಲಿ ಇರುತ್ತದೆ. ಅಂಥ ಗಾಳಿಯಲ್ಲಿ ಸುಮ್ಮನೆ ಇಟ್ಟ ಮರ ಕೂಡ ತನ್ನ ತೂಕದ ಶೇಕಡಾ 18–20ರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಒಣ ಹವೆಯಲ್ಲಿ ಇದು 12ರ ಸುತ್ತ ಇರುತ್ತದೆ. ಬೂಸ್ಟಿಗೆ ಬೇಕಾದ ತೇವ ಸುಮಾರು ಶೇಕಡಾ 20ರಿಂದ ಮೇಲೆ. ಎಂದರೆ ಮಳೆಗಾಲದಲ್ಲಿ ನಮ್ಮ ಮನೆಯ ಮಣೆ ಯಾವಾಗಲೂ ಬೂಸ್ಟಿನ ಹೊಸ್ತಿಲಲ್ಲೇ ಇರುತ್ತದೆ, ಅಂಚಿನಲ್ಲಿ ಉಳಿದ ನಾಲ್ಕು ಹನಿ ಅದನ್ನು ಒಳಗೆ ದಾಟಿಸುತ್ತದೆ. ಬೆಂಗಳೂರಿನ ನೆಂಟರ ಮನೆಯಲ್ಲಿ ನಡೆಯುವ ಕ್ರಮ ಇಲ್ಲಿ ನಡೆಯದಿರುವುದು ಇದಕ್ಕೇ.

ಈಗ ಹೀಗೆ ಮಾಡಿ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರಾವಣದ ನಾಲ್ಕೈದು ಹನಿ ಹಾಕಿ, ಮರದ ಗೆರೆ ಹೋದ ದಿಕ್ಕಿನಲ್ಲೇ ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಫ್ಯಾನಿನ ಕೆಳಗೆ ಒಂದು ಪೂರ್ತಿ ದಿನ ಒಣಗಲಿ. ಬಳಿಕ 120 ನಂಬರಿನ ಸ್ಯಾಂಡ್‌ಪೇಪರಿನಿಂದ ಚುಕ್ಕಿಗಳನ್ನು ಉಜ್ಜಿ ನೋಡಿ. ಹೆಚ್ಚಿನವು ಮೇಲ್ಪದರದಲ್ಲೇ ಇರುತ್ತವೆ, ಹೋಗಿಬಿಡುತ್ತವೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಳಿದ ಕಲೆಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಶೇಕಡಾ 6ರದ್ದು ಸಿಕ್ಕಿದರೆ ಅಷ್ಟೇ ನೀರು ಸೇರಿಸಿ 3ಕ್ಕೆ ಇಳಿಸಿ, ಕೈಗೆ ಗವಸು ಹಾಕಿ ಹಚ್ಚಿ, ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯಿರಿ. ಇಷ್ಟಾದ ಮೇಲೂ ಬಣ್ಣ ಸ್ವಲ್ಪ ಉಳಿದು, ವಾಸನೆ ಹೋಗಿದ್ದರೆ, ಮರ ಉಗುರಿಗೆ ಗಟ್ಟಿಯಾಗಿ ಸಿಕ್ಕುತ್ತಿದ್ದರೆ, ಅದು ಬರೀ ಕಲೆ. ಒತ್ತಿದಲ್ಲಿ ಉಗುರು ಇಳಿದರೆ ಮರ ಒಳಗೆ ಕೊಳೆತಿದೆ ಎಂದು ಅರ್ಥ, ಆಗ ಮಾತ್ರ ಬಿಸಾಡಿ.

ಇನ್ನು ಇಡುವ ಕ್ರಮ. ಮಣೆಯನ್ನು ಉದ್ದದ ಬದಿಯ ಮೇಲೆ ನಿಲ್ಲಿಸಿ, ಎಳೆಗಳ ತುದಿ ಇರುವ ಬದಿ ನೆಲಕ್ಕೆ ತಾಗಬಾರದು. ಅಡಿಗೆ ಎರಡು ತೆಳ್ಳಗಿನ ಬಿದಿರಿನ ಕಡ್ಡಿ ಕೊಡಿ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ಎರಡೂ ಮೈಗೆ ಗಾಳಿ ಆಡಲಿ. ಫ್ರಿಜ್ಜಿನ ಬದಿಯಿಂದ ಬೆಚ್ಚನೆ ಗಾಳಿ ಬರುತ್ತದಲ್ಲ, ಮಳೆಗಾಲದಲ್ಲಿ ಅದರ ಪಕ್ಕದಷ್ಟು ಒಳ್ಳೆಯ ಜಾಗ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಒರೆಸುವ ಬಟ್ಟೆಯನ್ನೂ ನೋಡಿಕೊಳ್ಳಿ: ಹಸಿ ಬಟ್ಟೆಯಲ್ಲಿ ಒರೆಸಿದರೆ ಅದು ಒರೆಸಿದ ಲೆಕ್ಕಕ್ಕಿಲ್ಲ.

ಪ್ರಶ್ನೆ: ಮಣೆಗೆ ಎಣ್ಣೆ ಹಚ್ಚಬೇಕು ಎನ್ನುತ್ತಾರೆ. ಯಾವ ಎಣ್ಣೆ? ಮನೆಯಲ್ಲಿ ತೆಂಗಿನೆಣ್ಣೆ ಧಾರಾಳ ಇದೆ. ಅದು ಕೆಟ್ಟುಹೋಗುತ್ತದೆ ಎಂದು ಕೆಲವರು, ಅಗಸೆ ಎಣ್ಣೆಯೇ ಸರಿ ಎಂದು ಕೆಲವರು. ಎಷ್ಟು ಹಚ್ಚಬೇಕು, ಎಷ್ಟು ದಿನಕ್ಕೊಮ್ಮೆ?
— ಮಣಿಪಾಲ, ಕಾಪು ಮತ್ತು ಸುರತ್ಕಲ್‌ನ ಓದುಗರು

ಉತ್ತರ: ಎಣ್ಣೆಗಳಲ್ಲಿ ಮೂರು ಜಾತಿ. ಗಾಳಿ ತಾಗಿ ಗಟ್ಟಿಯಾಗುವವು ಒಂದು, ಏನೂ ಆಗದೆ ಎಣ್ಣೆಯಾಗಿಯೇ ಉಳಿಯುವವು ಇನ್ನೊಂದು. ಇವೆರಡರ ನಡುವೆ ಸಿಕ್ಕಿಕೊಂಡು ಅಂಟಂಟಾಗಿ ಕಮಟು ಹಿಡಿಯುವವು ಮೂರನೆಯ ಜಾತಿ. ಸೂರ್ಯಕಾಂತಿ, ಸೋಯಾ, ಎಳ್ಳೆಣ್ಣೆ ಈ ಮೂರನೆಯ ಗುಂಪಿಗೆ ಸೇರಿದವು. ಇವನ್ನು ಮಣೆಗೆ ಹಚ್ಚಲೇಬೇಡಿ. ಕಡಲೆಕಾಯಿ ಎಣ್ಣೆಯೂ ಬೇಡ. ತಿಂಗಳು ಕಳೆದ ಮೇಲೆ ಮಣೆಯಿಂದ ಹಳೆಯ ಕರಿದ ತಿಂಡಿಯ ವಾಸನೆ ಬರುತ್ತದೆ, ಧೂಳು ಅಂಟಿಕೊಳ್ಳುತ್ತದೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ನಮ್ಮ ಹವೆಗೆ ಎಲ್ಲಕ್ಕಿಂತ ನೆಮ್ಮದಿಯದು. ಬಾಟಲಿಯ ಮೇಲೆ 'ಐ.ಪಿ.' ಎಂದಿರಬೇಕು. ಅದು ಔಷಧದ ದರ್ಜೆಯ ಗುರುತು. ಮಲಬದ್ಧತೆಗೆ ಕೊಡುವ, ಬಣ್ಣ, ಸಿಹಿ, ಮೆಗ್ನೀಶಿಯಾ ಬೆರೆಸಿದ ಬಿಳಿ ಔಷಧ ಬೇಡ. ಬಣ್ಣವಿಲ್ಲದ, ವಾಸನೆಯಿಲ್ಲದ ಬರೀ ಎಣ್ಣೆ ಕೇಳಿ. ಅದು ಕೆಡುವುದೇ ಇಲ್ಲ, ಬೂಸ್ಟಿಗೆ ಆಹಾರವೂ ಆಗುವುದಿಲ್ಲ. ಒಂದೇ ಕೊರತೆ, ತೊಳೆದಂತೆಲ್ಲ ಹೊರಟುಹೋಗುತ್ತದೆ, ಮತ್ತೆ ಮತ್ತೆ ಹಚ್ಚಬೇಕು.

ತೆಂಗಿನೆಣ್ಣೆ ಬೇಡವೇ ಬೇಡ ಎನ್ನುವುದು ಸರಿಯಲ್ಲ. ಅದರ ಕೊಬ್ಬಿನಲ್ಲಿ ಸುಮಾರು ಶೇಕಡಾ 90ರಷ್ಟು ಗಾಳಿಗೆ ಬೇಗ ಕೆಡದ ಜಾತಿಯದು. ಎಣ್ಣೆ ಎಷ್ಟು ಬೇಗ ಗಾಳಿಯ ಜೊತೆ ಸೇರುತ್ತದೆ ಎಂಬುದಕ್ಕೆ ಅಯೋಡಿನ್ ಅಂಕ ಎಂಬ ಅಳತೆ ಇದೆ: ಅಗಸೆಯದ್ದು 170ಕ್ಕಿಂತ ಮೇಲೆ, ಸೂರ್ಯಕಾಂತಿಯದ್ದು 110ಕ್ಕಿಂತ ಮೇಲೆ, ತೆಂಗಿನೆಣ್ಣೆಯದ್ದು 10ರ ಒಳಗೆ. ಹಾಗಾದರೆ ಕೆಡುವುದು ಯಾವುದು? ಮನೆಯಲ್ಲಿ ಕಾಯಿಹಾಲು ಕಾಯಿಸಿ ತೆಗೆದ ಎಣ್ಣೆ, ಸರಿಯಾಗಿ ಒಣಗದ ಕೊಬ್ಬರಿಯ ಎಣ್ಣೆ. ಅವುಗಳಲ್ಲಿ ನೀರಿನ ಪಸೆ, ಕಾಯಿಯ ಅಂಶ ಉಳಿದಿರುತ್ತದೆ. ಬೂಸ್ಟು ಅದರ ಮೇಲೆ ಕೂತು ಎಣ್ಣೆಯನ್ನು ಒಡೆಯುತ್ತದೆ, ಕಮಟು ವಾಸನೆ ಏಳುತ್ತದೆ. ಶುದ್ಧೀಕರಿಸಿದ ತೆಂಗಿನೆಣ್ಣೆಯನ್ನು ತೆಳುವಾಗಿ ಹಚ್ಚಿ, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆದರೆ ಬೇಸಿಗೆಯಲ್ಲಿ ಧಾರಾಳ ನಡೆಯುತ್ತದೆ. ಮಳೆಗಾಲಕ್ಕೆ ಲಿಕ್ವಿಡ್ ಪ್ಯಾರಾಫಿನ್ನಿಗೆ ಬದಲಾಯಿಸಿಕೊಳ್ಳಿ.

ಅಗಸೆ ಎಣ್ಣೆ ಮರದೊಳಗೆ ಗಟ್ಟಿಯಾಗುವುದರಿಂದ ಬಾಳಿಕೆ ಹೆಚ್ಚು. ಆದರೆ ಎರಡು ಎಚ್ಚರ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟಿಗೆಂದು ಮಾರುವ 'ಬಾಯಿಲ್ಡ್ ಲಿನ್‌ಸೀಡ್'ನಲ್ಲಿ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸಿರುತ್ತಾರೆ. ಊಟದ ಮರಕ್ಕೆ ಅದು ಸಲ್ಲ, ತಿನ್ನುವ ದರ್ಜೆಯದ್ದೇ ಆಗಬೇಕು. ಎರಡನೆಯದು ಇನ್ನೂ ಮುಖ್ಯ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯಬಹುದು. ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಹರಡಿ ಒಣಗಿಸಿ, ಆಮೇಲೆ ಬಿಸಾಡಿ. ಎಣ್ಣೆ ಗಟ್ಟಿಯಾಗಲು ವಾರಗಳೇ ಬೇಕು, ನಮ್ಮ ಮಳೆಗಾಲದಲ್ಲಿ ಇನ್ನೂ ತಡ. ಹಚ್ಚುವುದಾದರೆ ಜನವರಿ–ಫೆಬ್ರವರಿಯಲ್ಲಿ ಹಚ್ಚಿ.

ಹಚ್ಚುವ ಕ್ರಮ ಎಲ್ಲಕ್ಕೂ ಒಂದೇ. ತೊಳೆದ ಮಣೆ ಕಡಿಮೆಯೆಂದರೆ ಒಂದು ದಿನ, ಮಳೆಗಾಲದಲ್ಲಿ ಎರಡು ದಿನ ಒಣಗಿರಬೇಕು. 12 ಇಂಚು ಉದ್ದ, 8 ಇಂಚು ಅಗಲದ ಮಣೆಗೆ ಮೊದಲ ಸಲ 15–20 ಮಿಲಿ ಹಿಡಿಯುತ್ತದೆ. ಹತ್ತಿಬಟ್ಟೆಯಿಂದ ಎರಡೂ ಮೈಗೆ, ನಾಲ್ಕೂ ಬದಿಗೆ ಹಚ್ಚಿ. ಒಂದೇ ಮೈಗೆ ಹಚ್ಚಿದರೆ ಮಣೆ ಬಾಗುತ್ತದೆ. ಎಳೆಗಳ ತುದಿ ಇರುವ ಬದಿಗಳಿಗೆ ಕುಡಿಯುವಷ್ಟು ಕುಡಿಸಿ. ನಾಲ್ಕೈದು ಗಂಟೆ ಬಿಟ್ಟು, ಮರ ಹೀರದೆ ಉಳಿದದ್ದನ್ನು ಒಣಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹೊಸ ಮಣೆಗೆ ಹೀಗೆ ದಿನಕ್ಕೊಂದರಂತೆ ಮೂರ್ನಾಲ್ಕು ಸಲ. ಆಮೇಲೆ ಕ್ಯಾಲೆಂಡರ್ ನೋಡುವುದಕ್ಕಿಂತ ಮಣೆಯನ್ನು ನೋಡಿ: ಒಂದು ಹನಿ ನೀರು ಬಿಟ್ಟಾಗ ಅದು ಗುಂಡಗೆ ನಿಂತರೆ ಎಣ್ಣೆ ಇದೆ, ನಿಮಿಷದೊಳಗೆ ಹರಡಿ ಕಪ್ಪಗೆ ಹೀರಿಕೊಂಡರೆ ಹಚ್ಚುವ ಹೊತ್ತಾಯಿತು. ದಿನಾ ಬಳಸುವ ಮಣೆಗೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ.

ಎಣ್ಣೆಯ ಮೇಲೆ ಮೇಣದ ಲೇಪ ಕೊಟ್ಟರೆ ನೀರು ಇನ್ನೂ ಚೆನ್ನಾಗಿ ಜಾರುತ್ತದೆ. ಜೇನು ಸಾಕುವವರ ಬಳಿ ಶುದ್ಧ ಜೇನುಮೇಣ ಸಿಗುತ್ತದೆ. 25 ಗ್ರಾಂ ಮೇಣಕ್ಕೆ 100 ಗ್ರಾಂ ಲಿಕ್ವಿಡ್ ಪ್ಯಾರಾಫಿನ್. ಜೇನುಮೇಣ 62–64 ಡಿಗ್ರಿಯಲ್ಲಿ ಕರಗುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ನೇರ ಉರಿಗೆ ಇಡಬೇಡಿ. ಆರಿದ ಮೇಲೆ ಮುಲಾಮಿನಂತೆ ಆಗುತ್ತದೆ. ತೆಳ್ಳಗೆ ತಿಕ್ಕಿ, ರಾತ್ರಿ ಬಿಟ್ಟು, ಬೆಳಗ್ಗೆ ಒಣಬಟ್ಟೆಯಲ್ಲಿ ಹೊಳಪು ಬರಿಸಿ. ಎಣ್ಣೆ, ಮೇಣ ಇಷ್ಟೆಲ್ಲ ಮಾಡಿಯೂ ಮಣೆಯನ್ನು ಹಸಿಯಾಗಿ ಮಲಗಿಸಿಟ್ಟರೆ ಪ್ರಯೋಜನವಿಲ್ಲ. ಒಣಗಿಸುವುದು ಮೊದಲು, ಎಣ್ಣೆ ಆಮೇಲೆ.

ಪ್ರಶ್ನೆ: ಬೂತಾಯಿ, ಬಂಗುಡೆ ಶುಚಿ ಮಾಡುವ ಮಣೆಯ ವಾಸನೆ ಏನು ಮಾಡಿದರೂ ಹೋಗುವುದಿಲ್ಲ. ಬಿಸಿನೀರು ಸುರಿದೆವು, ಲಿಂಬೆ ಉಜ್ಜಿದೆವು. ಪ್ಲಾಸ್ಟಿಕ್ ಬೋರ್ಡೇ ಶುದ್ಧ ಎಂದು ಮಗ ಹೇಳುತ್ತಾನೆ, ನಿಜವೇ?
— ಮಲ್ಪೆ

ಉತ್ತರ: ಬಿಸಿನೀರನ್ನು ಮೊದಲು ಸುರಿದದ್ದೇ ತೊಂದರೆ. ಮೀನಿನ ರಕ್ತ, ಲೋಳೆ ಬಿಸಿಗೆ ಬೆಂದು ಮರದ ಗೀರುಗಳೊಳಗೆ ಗಟ್ಟಿಯಾಗಿ ಕೂರುತ್ತದೆ. ಮೊದಲು ತಣ್ಣೀರು. ಚೂರಿಯ ಹಿಂಬದಿಯಿಂದ ಅಥವಾ ಗಟ್ಟಿ ಪ್ಲಾಸ್ಟಿಕ್ ತುಂಡಿನಿಂದ ಕೆರೆದು, ತಣ್ಣೀರಿನಲ್ಲಿ ಲೋಳೆ ಹೋಗುವಷ್ಟು ತೊಳೆಯಿರಿ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ದ್ರಾವಣ, ಬ್ರಶ್.

ವಾಸನೆಯೂ ಒಂದೇ ಅಲ್ಲ, ಎರಡು. ಮೀನಿನ ಮಾಮೂಲಿ ನಾತ ಟ್ರೈಮೀಥೈಲಮೀನ್ ಎಂಬ ಕ್ಷಾರದಿಂದ ಬರುವಂಥದ್ದು. ಹುಳಿ ತಾಗಿದರೆ ಅದು ಲವಣವಾಗಿ ಗಾಳಿಗೆ ಏಳದೆ ನಿಲ್ಲುತ್ತದೆ, ನೀರಿನೊಂದಿಗೆ ಹೋಗುತ್ತದೆ. ಲಿಂಬೆಯೇ ಆಗಬೇಕೆಂದಿಲ್ಲ, ಹುಣಸೆಹಣ್ಣಿನ ಹಿಂಡಿ ಉಳಿದ ಸಿಪ್ಪೆ, ಬಿಂಬುಳಿ ಯಾವುದೂ ಆದೀತು. ಉಜ್ಜಿ ಐದು ನಿಮಿಷ ಬಿಡಿ. ಬೂತಾಯಿ, ಬಂಗುಡೆಯಲ್ಲಿ ಇನ್ನೊಂದು ಸಂಗತಿ ಇದೆ: ಎರಡೂ ಎಣ್ಣೆಯಂಶ ಹೆಚ್ಚಿರುವ ಮೀನು. ಮರ ಹೀರಿದ ಆ ಎಣ್ಣೆ ದಿನ ಕಳೆದಂತೆ ಕಮಟಾಗುತ್ತದೆ. ಅದಕ್ಕೆ ಲಿಂಬೆ ಏನೂ ಮಾಡುವುದಿಲ್ಲ, ಸಾಬೂನೇ ಬೇಕು. ಹಳೆಯ ಎಣ್ಣೆ ಆಳಕ್ಕೆ ಇಳಿದಿದ್ದರೆ ಮೇಲ್ಪದರವನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯದೆ ಉಪಾಯವಿಲ್ಲ. ಕಲ್ಲುಪ್ಪು ಹಾಕಿ ತಿಕ್ಕುವುದು ಒಳ್ಳೆಯದೇ, ಆದರೆ ಉಪ್ಪನ್ನು ಪೂರ್ತಿ ತೊಳೆದು ತೆಗೆಯಿರಿ. ಉಳಿದ ಉಪ್ಪು ನಮ್ಮ ಗಾಳಿಯ ನೀರನ್ನು ಎಳೆದು ಮಣೆಯನ್ನು ಹಸಿಯಾಗಿಯೇ ಇಡುತ್ತದೆ.

ಸೋಂಕು ತೆಗೆಯಬೇಕೆಂದಿದ್ದರೆ, ಸುವಾಸನೆ ಬೆರೆಸದ, ಶೇಕಡಾ 4ರ ಬ್ಲೀಚ್ ದ್ರಾವಣ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ. ತೊಳೆದ ಮಣೆಯ ಮೇಲೆ ಸುರಿದು ಎರಡು ಮೂರು ನಿಮಿಷ ಬಿಟ್ಟು ನೀರು ಹಾಕಿ. ತೊಳೆಯದ ಮಣೆಗೆ ಹಾಕಿದ ಬ್ಲೀಚು ಮೀನಿನ ಲೋಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ. ಲಿಂಬೆ, ಹುಣಸೆ, ವಿನೆಗರ್ ಯಾವುದೂ ಬ್ಲೀಚಿಗೆ ಸೇರಕೂಡದು, ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹುಳಿಯ ಕೆಲಸ ಮುಗಿಸಿ, ಚೆನ್ನಾಗಿ ನೀರು ಹಾಕಿ, ಬ್ಲೀಚಿನ ಕೆಲಸ ಆಮೇಲೆ ಮಾಡಿ.

ನಿಮ್ಮ ಮಗನ ಮಾತಿಗೆ: ಅಮೆರಿಕದ ಆಹಾರ ವಿಜ್ಞಾನಿ ಡೀನ್ ಕ್ಲೈವರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮರದ ಮೇಲೆ ಬಿಟ್ಟ ಬ್ಯಾಕ್ಟೀರಿಯಾ ಮರದೊಳಗೆ ಸೆಳೆಯಲ್ಪಟ್ಟು ಮತ್ತೆ ಮೇಲಕ್ಕೆ ಸುಲಭವಾಗಿ ಸಿಗಲಿಲ್ಲ. ಹೊಸ ಪ್ಲಾಸ್ಟಿಕ್ಕನ್ನು ಶುಚಿ ಮಾಡುವುದು ಸುಲಭವಿತ್ತು, ಆದರೆ ಚೂರಿಯ ಗೀರು ತುಂಬಿದ ಹಳೆಯ ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೊಳೆದು ಶುಚಿ ಮಾಡುವುದು ಕಷ್ಟವಾಯಿತು. ಹಾಗೆಂದು ಮರ ತಾನೇ ಶುದ್ಧವಾಗುತ್ತದೆ ಎಂದು ಕುಳಿತುಕೊಳ್ಳುವಂತಿಲ್ಲ. ಮೀನಿಗೊಂದು, ತರಕಾರಿಗೊಂದು ಮಣೆ ಬೇರೆ ಬೇರೆ ಇರಲೇಬೇಕು. ಬೇಯಿಸದೆ ತಿನ್ನುವ ಸೌತೆಕಾಯಿಯನ್ನು ಮೀನಿನ ಮಣೆಯ ಮೇಲೆ ಹೆಚ್ಚಿದರೆ ಮರವೂ ಕಾಪಾಡದು, ಪ್ಲಾಸ್ಟಿಕ್ಕೂ ಕಾಪಾಡದು.

ಪ್ರಶ್ನೆ: ಚಪಾತಿ ಮಣೆ ನಡುವಿನಲ್ಲಿ ತಗ್ಗಾಗಿ, ಅಂಚು ಎದ್ದು, ಲಟ್ಟಿಸುವಾಗ ತೂಗುತ್ತದೆ. ತಂದಾಗ ಸಮನಾಗಿತ್ತು.
— ಬಂಟ್ವಾಳ

ಉತ್ತರ: ತೊಳೆದು ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿ ಇಡುತ್ತಿದ್ದೀರಿ ಅನ್ನಿಸುತ್ತದೆ. ಅಡಿಯ ಮೈ ಹಸಿಯಾಗಿಯೇ ಉಳಿದು ಉಬ್ಬಿತು, ಮೇಲಿನ ಮೈ ಒಣಗಿ ಕುಗ್ಗಿತು. ಕುಗ್ಗಿದ ಕಡೆಗೆ ಮಣೆ ಬಾಗಿತು. ಒದ್ದೆ ಮಾಡಿ ಹಿಂಡಿದ ದಪ್ಪ ಟವೆಲನ್ನು ಕಟ್ಟೆಯ ಮೇಲೆ ಹಾಸಿ, ತಗ್ಗಾದ ಮೈಯನ್ನು ಅದರ ಮೇಲೆ ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಮೇಲೆ ಕಲ್ಲು ಹೇರುವುದು ಬೇಡ, ಸಣ್ಣ ಭಾರ ಸಾಕು. ಬೆಳಗ್ಗೆ ಸಮಕ್ಕೆ ಬಂದಿದ್ದರೆ ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ, ಎರಡು ದಿನದ ಮೇಲೆ ಎರಡೂ ಮೈಗೆ ಎಣ್ಣೆ ಹಚ್ಚಿ. ವರ್ಷಗಟ್ಟಲೆ ಬಾಗಿದ್ದು ಹೀಗೆ ಸರಿಯಾಗುವುದಿಲ್ಲ, ಆಚಾರ್ಯರ ಕೈಯಲ್ಲಿ ಕೀಸಿಸಬೇಕು. ಮೇ ತಿಂಗಳ ಬಿಸಿಲಿಗೆ ಇಟ್ಟು ಸರಿ ಮಾಡಲು ಹೋದರೆ ಬಾಗಿದ್ದು ಬಿರಿಯುತ್ತದೆ.

ಚಪಾತಿ ಮಣೆಯನ್ನು ದಿನಾ ನೀರಿಗೆ ಹಿಡಿಯಬೇಕೆಂದೂ ಇಲ್ಲ. ಒಣಗಿದ ಹಿಟ್ಟನ್ನು ಸಟ್ಟುಗದ ಅಂಚಿನಿಂದ ಕೆರೆದು, ಹಿಂಡಿದ ಬಟ್ಟೆಯಲ್ಲಿ ಒರೆಸಿ ನಿಲ್ಲಿಸಿದರೆ ಆಯಿತು. ಲಟ್ಟಣಿಗೆಯ ಹಿಡಿ ತಿರುಗುವ ಜಾತಿಯದ್ದಾದರೆ ಆ ಸಂದಿಗೆ ನೀರು ಹೋಗದಂತೆ ನೋಡಿಕೊಳ್ಳಿ, ಒಳಗೆ ಸೇರಿದ ಹಿಟ್ಟು ಅಲ್ಲೇ ಹುಳಿಯುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಹಲಸಿನ ಮರದ ಮರಿಗೆ ಇದೆ. ವರ್ಷಕ್ಕೊಮ್ಮೆ ಮನೆಯ ಪೂಜೆಗೆ ಅನ್ನ ಸುರಿಯಲು ತೆಗೆಯುತ್ತೇವೆ. ಈ ಬಾರಿ ಅಟ್ಟದಿಂದ ಇಳಿಸಿದಾಗ ಎರಡು ಕಡೆ ಬಿರುಕು ಕಂಡಿತು. ಮರದ ಹುಡಿಗೆ ಅಂಟು ಕಲಸಿ ತುಂಬಬಹುದೇ?
— ಕಲ್ಯಾಣಪುರ

ಉತ್ತರ: ಈಗ ತುಂಬಬೇಡಿ, ದಯವಿಟ್ಟು. ಬೇಸಿಗೆಯಲ್ಲಿ ಹೆಂಚಿನ ಮಾಡಿನ ಅಡಿ, ಅಟ್ಟದ ಮೇಲೆ ಕಾವು ಬಹಳ. ಮರ ಒಣಗಿ ಕುಗ್ಗಿ ಬಿರಿದಿದೆ. ಆ ಬಿರುಕಿಗೆ ಗಟ್ಟಿಯಾಗುವ ಅಂಟು ತುಂಬಿಬಿಟ್ಟರೆ, ಮಳೆಗಾಲದಲ್ಲಿ ಮರ ಉಬ್ಬುವಾಗ ಸೇರಿಕೊಳ್ಳಲು ಜಾಗವಿರುವುದಿಲ್ಲ. ತುಂಬಿದ ಜಾಗದ ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ. ತಲೆಮಾರು ದಾಟಿ ಬಂದ ಮರಿಗೆಗಳು ಹೀಗೆ ಆತುರದ ರಿಪೇರಿಯಲ್ಲಿ ಹಾಳಾಗುವುದು ನೋಡಲು ಸಂಕಟ.

ಮರಿಗೆಯನ್ನು ಅಟ್ಟದಿಂದ ಇಳಿಸಿ, ನೆರಳಿನಲ್ಲಿ, ಎರಡು ಕೋಲಿನ ಮೇಲೆ ಬೋರಲು ಇಡಿ. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ. ಆಗಸ್ಟ್‌ವರೆಗೆ ಕಾಯಿರಿ. ಕೂದಲೆಳೆಯಷ್ಟಕ್ಕೆ ಮುಚ್ಚಿಕೊಂಡರೆ ಬೆಚ್ಚಗೆ ಮಾಡಿದ ಜೇನುಮೇಣ ಎಣ್ಣೆಯ ಮುಲಾಮು ತಿಕ್ಕಿದರೆ ಸಾಕು, ಅದು ಮೆತ್ತಗಿರುವುದರಿಂದ ಮರದೊಂದಿಗೆ ಹಿಗ್ಗಿ ಕುಗ್ಗುತ್ತದೆ. ಬಿರುಕು ಪೆನ್ಸಿಲ್ ಗೆರೆ ದಾಟಿ ಮುಂದೆ ಹೋಗಿದ್ದರೆ ಅಥವಾ ಆಚೆಯ ಬೆಳಕು ಕಾಣುವಷ್ಟು ಉಳಿದಿದ್ದರೆ, ಹಲಸಿನದೇ ತೆಳು ಚಕ್ಕೆ ಕೂರಿಸಬಲ್ಲ ಅನುಭವಿ ಆಚಾರ್ಯರಿಗೆ ತೋರಿಸಿ. ಬಿರುಕಿಗೆ ತಾಮ್ರದ ಪಟ್ಟಿ ಹೊಡೆಸುವುದಾದರೆ ಹೊರಮೈಗೆ ಮಾತ್ರ. ಒಳಗೆ ಹೊಡೆದರೆ ಹುಳಿ ಪದಾರ್ಥ ತಾಗಿ ಕಿಲುಬು ಏಳುತ್ತದೆ.

ಬಳಸುವ ಎರಡು ದಿನ ಮುಂಚೆ ಒಳಗೆ ಹಸಿ ಬಟ್ಟೆ ಹಾಸಿ ಇಡಿ, ಮರ ನಿಧಾನ ತೇವ ಕುಡಿಯಲಿ. ಒಣಗಿದ ಮರಿಗೆಗೆ ಒಮ್ಮೆಲೇ ಕುದಿಯುವ ಅನ್ನ ಸುರಿದರೆ ಒಳಮೈ ಹಠಾತ್ತನೆ ಹಿಗ್ಗಿ ಅದೇ ಬಿರುಕು ಬಾಯಿ ಬಿಡುತ್ತದೆ. ಬಳಸಿದ ಮೇಲೆ ಸಾಬೂನಿನಲ್ಲಿ ನೆನೆಹಾಕಬೇಡಿ, ಬಿಸಿನೀರು, ತೆಂಗಿನ ನಾರು ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುವುದು ಅಟ್ಟದ ಕಾವಿಗಿಂತಲೂ ಕೆಟ್ಟದ್ದು.

ಪ್ರಶ್ನೆ: ಅರಸಿನದ ಹಳದಿ, ಬಾಳೆಕಾಯಿ ಹೆಚ್ಚಿದ ಕಪ್ಪು, ಹಲಸಿನ ಮೇಣ. ಈ ಮೂರು ಕಲೆ ತೆಗೆಯುವುದು ಹೇಗೆ?
— ಕಾರ್ಕಳ

ಉತ್ತರ: ಮೂರಕ್ಕೂ ಬೇರೆ ಬೇರೆ ಮದ್ದು.

ಅರಸಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಬೆಳಗಿನ ಎಳೆ ಬಿಸಿಲಿನಲ್ಲಿ ಒಂದೆರಡು ಗಂಟೆಯಂತೆ ಎರಡು ಮೂರು ದಿನ ಇಟ್ಟರೆ ಮಾಸುತ್ತದೆ. ಸಾಬೂನು ಹಾಕಿದೊಡನೆ ಕಲೆ ಕೆಂಪಗಾದರೆ ಹೆದರಬೇಡಿ. ಕ್ಷಾರ ತಾಗಿದರೆ ಅರಸಿನ ಕೆಂಪಾಗುತ್ತದೆ, ಲಿಂಬೆರಸ ಬಿಟ್ಟರೆ ಮತ್ತೆ ಹಳದಿಗೆ ಬರುತ್ತದೆ.

ಬಾಳೆಕಾಯಿ, ಬಾಳೆಹೂವು, ಬಾಳೆದಿಂಡಿನ ಕಪ್ಪಿನಲ್ಲಿ ಚೂರಿಯ ಪಾಲೂ ಇದೆ. ಅವುಗಳ ಒಗರು ರಸ ಕಬ್ಬಿಣದ ಚೂರಿಗೆ ತಾಗಿದಾಗ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಹುಣಸೆ, ಸಾಗುವಾನಿಯಂಥ ಒಗರಿನ ಮರವಾದರೆ ಹಸಿ ಮಣೆಯ ಮೇಲೆ ಕಬ್ಬಿಣದ ಕತ್ತಿ ಇಟ್ಟು ಮರೆತರೂ ಅದೇ ಗೆರೆ ಮೂಡುತ್ತದೆ. ಲಿಂಬೆ ಹೋಳಿಗೆ ಪುಡಿ ಉಪ್ಪು ಅದ್ದಿ ತಿಕ್ಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮರದ ಕೆಲಸದವರು ಇಂಥ ಕಪ್ಪಿಗೆ ಆಕ್ಸಾಲಿಕ್ ಆಸಿಡ್ ಹಚ್ಚುತ್ತಾರೆ. ಅದು ವಿಷ, ಊಟದ ಮಣೆಗೆ ತರಬೇಡಿ. ಬಾಳೆಕಾಯಿಗೆ ಸ್ಟೀಲ್ ಚೂರಿ ಹಿಡಿದರೆ ಈ ತೊಂದರೆ ಬಹುಪಾಲು ಕಡಿಮೆ.

ಹಲಸಿನ ಮೇಣಕ್ಕೆ ನೀರು ತಾಗಿಸಲೇಬಾರದು. ಮೊದಲು ತೆಂಗಿನೆಣ್ಣೆ ಸವರಿ, ಮೆತ್ತಗಾದ ಮೇಲೆ ಕಾಗದದಲ್ಲಿ ಒರೆಸಿ ತೆಗೆದು, ಕೊನೆಗೆ ಕಡಲೆಹಿಟ್ಟು ಉದುರಿಸಿ ತಿಕ್ಕಿ, ಆಮೇಲೆ ಸಾಬೂನು. ಹಣ್ಣು ಬಿಡಿಸುವ ಮೊದಲೇ ಮಣೆಗೂ ಕತ್ತಿಗೂ ಎಣ್ಣೆ ಸವರಿಕೊಂಡರೆ ಈ ಕೆಲಸ ಅರ್ಧ ಉಳಿಯುತ್ತದೆ.

ಪ್ರಶ್ನೆ: ಮಾವಿನ ಮರದ ಮಣೆಯ ಅಡಿಯಲ್ಲಿ ದಿನಾ ಬೆಳಗ್ಗೆ ಹಿಟ್ಟಿನಂಥ ಹುಡಿ ಬೀಳುತ್ತದೆ. ಸಣ್ಣ ತೂತುಗಳಿವೆ. ಗೆದ್ದಲಿನ ಮದ್ದು ಹೊಡೆಯಲೇ?
— ಮೂಡುಬಿದಿರೆ

ಉತ್ತರ: ಗೆದ್ದಲಲ್ಲ, ಕುಟ್ಟೆ ಹುಳ. ಮಾವು, ರಬ್ಬರ್ ಮರಗಳ ಪಿಷ್ಟ ತುಂಬಿದ ಬಿಳಿ ಭಾಗ ಅದಕ್ಕೆ ಬಲು ಇಷ್ಟ. ಗೆದ್ದಲಿನ ಮದ್ದು, ಸೀಮೆಎಣ್ಣೆ, ಗೇರೆಣ್ಣೆ ಯಾವುದನ್ನೂ ಊಟದ ಮಣೆಗೆ ಹಚ್ಚಬೇಡಿ. ಮಾಡಿನ ಪಕ್ಕಾಸಿಗೆ ಗೇರೆಣ್ಣೆ ಬಳಿಯುತ್ತಾರೆ ನಿಜ, ಆದರೆ ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ.

ಮಣೆಯನ್ನು ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಹೊರಗಿನ ಬಿಸಿಗೆ ಬರುವವರೆಗೆ ಬಿಡಿ, ಇಲ್ಲದಿದ್ದರೆ ತಣ್ಣನೆಯ ಮರದ ಮೇಲೆ ನೀರು ಕಟ್ಟುತ್ತದೆ. ತೂತುಗಳಿಗೆ ಜೇನುಮೇಣ ತುಂಬಿ. ಹದಿನೈದು ದಿನ ಕರಿ ಕಾಗದದ ಮೇಲೆ ಇಟ್ಟು ನೋಡಿ. ಹೊಸ ಹುಡಿ ಬಿದ್ದರೆ ಮತ್ತೊಮ್ಮೆ ಫ್ರೀಜರ್. ಒತ್ತಿದಾಗ ಟೊಳ್ಳು ಸದ್ದು ಬಂದರೆ ಮಾತ್ರ ಒಲೆಗೆ ಹಾಕಿ. ಪಕ್ಕದ ಮರದ ಸಾಮಾನುಗಳನ್ನೂ ಒಮ್ಮೆ ತಿರುಗಿಸಿ ನೋಡಿಬಿಡಿ.

ಪ್ರಶ್ನೆ: ಹೊಸ ಮಣೆ ಮಾಡಿಸಬೇಕು. ಅಕೇಶಿಯಾ ಇದೆ, ಹಲಸು ಇದೆ, ಕೆಡವಿದ ಹಳೇ ಮನೆಯ ತೊಲೆಯೂ ಇದೆ. ಯಾವುದು? ಮೇಲೆ ಪಾಲಿಶ್ ಹೊಡೆಸಬಹುದೇ?
— ಉಳ್ಳಾಲ

ಉತ್ತರ: ಹಲಸು, ಅದರಲ್ಲೂ ಹಳದಿ ಬಣ್ಣದ ಕೆಚ್ಚಿನ ಭಾಗ. ಕುಟ್ಟೆ, ಗೆದ್ದಲು ಬೇಗ ಮುಟ್ಟುವುದಿಲ್ಲ, ಚೂರಿಯ ಬಾಯಿಯನ್ನೂ ಕೆಡಿಸುವುದಿಲ್ಲ. ಅಕೇಶಿಯಾ ಚೆನ್ನಾಗಿ ಒಣಗಿದ್ದರೆ ಆದೀತು. ಹಸಿಯದ್ದು ತಿರುಚಿಕೊಳ್ಳುತ್ತದೆ. ಹಳೆಯ ತೊಲೆಯ ಮರ ಎಷ್ಟೇ ಚಂದವಿದ್ದರೂ ಅದಕ್ಕೆ ಏನೇನು ಬಳಿದಿದ್ದರೋ ತಿಳಿಯದು. ಗೇರೆಣ್ಣೆ, ಗೆದ್ದಲಿನ ಮದ್ದು, ಸೀಸ ಬೆರೆತ ಹಳೇ ಪೇಂಟು ಇದ್ದೀತು. ಕಾಸರಕದ ತೊಲೆಯಾಗಿದ್ದರಂತೂ ಆ ಮರವೇ ವಿಷದ್ದು. ಅದನ್ನು ಬೆಂಚಿಗೋ ಕಪಾಟಿಗೋ ಬಳಸಿ.

ಹಲಗೆ ಒಂದೂವರೆ ಇಂಚು ದಪ್ಪ ಇರಲಿ, ಮರದ ನಟ್ಟನಡುವಿನ ತಿರುಳು ಹಲಗೆಯಲ್ಲಿ ಬರದಿರಲಿ, ಬಂದಲ್ಲಿ ಬಿರಿಯುವುದು ಖಂಡಿತ. 80, 120, 220 ನಂಬರಿನ ಸ್ಯಾಂಡ್‌ಪೇಪರ್ ಕ್ರಮವಾಗಿ ಹಿಡಿಸಿ. ಆಮೇಲೆ ಹಸಿ ಬಟ್ಟೆಯಲ್ಲಿ ಒರೆಸಿದರೆ ಎಳೆಗಳು ಮುಳ್ಳು ಮುಳ್ಳಾಗಿ ಏಳುತ್ತವೆ. ಒಣಗಿದ ಮೇಲೆ 220ರಿಂದ ಮತ್ತೊಮ್ಮೆ ಹಗುರಾಗಿ ಉಜ್ಜಿ. ಈ ಒಂದು ಹೆಜ್ಜೆ ಬಿಟ್ಟರೆ ಮೊದಲ ಸಲ ತೊಳೆದಾಗಲೇ ಮಣೆ ಒರಟಾಗುತ್ತದೆ.

ಪಾಲಿಶ್, ವಾರ್ನಿಶ್ ಬೇಡ. ಚೂರಿ ಬಿದ್ದಲ್ಲೆಲ್ಲ ಅದು ಚಕ್ಕೆ ಏಳುತ್ತದೆ. ಚಕ್ಕೆ ಅಡುಗೆಗೆ ಹೋಗುತ್ತದೆ, ಸೀಳಿದ ಜಾಗದಿಂದ ನೀರು ಒಳಗಿಳಿದು ಪಾಲಿಶಿನ ಅಡಿಯಲ್ಲಿ ಒಣಗದೆ ಕಪ್ಪಾಗುತ್ತದೆ.

ಪ್ರಶ್ನೆ: ಮೆಟ್ಟುಕತ್ತಿಯ ಅಲಗು ಮಣೆಯಲ್ಲಿ ಅಲ್ಲಾಡುತ್ತದೆ. ಬುಡದಲ್ಲಿ ತುಕ್ಕು, ಮರ ಕಪ್ಪಾಗಿದೆ.
— ಪಡುಬಿದ್ರಿ

ಉತ್ತರ: ಅಲಗು ಕೂರುವ ತೂತಿಗೆ ನೀರು ಇಳಿದಿದೆ. ಅಲಗನ್ನು ಹುಷಾರಾಗಿ ಕಳಚಿ, ತುಕ್ಕು ಉಜ್ಜಿ, ತೂತನ್ನು ಕೆರೆದು ಎರಡು ಮೂರು ದಿನ ಒಣಗಿಸಿ. ಮೆತ್ತಗಾದ ಕಪ್ಪು ಮರವನ್ನು ಉಳಿಯಿಂದ ತೆಗೆದು, ಸಡಿಲಾದಷ್ಟು ಜಾಗಕ್ಕೆ ಗಟ್ಟಿ ಮರದ ತೆಳು ಬೆಣೆ ಹೊಡೆದು ಅಲಗು ಕೂರಿಸಿ. ಸುತ್ತಲಿನ ಸಂದಿಗೆ ಕರಗಿದ ಜೇನುಮೇಣ ಹೊಯ್ಯಿರಿ. ಕಾಯಿ ಹೆರೆದ ಮೇಲೆ ಅಲಗಿನ ಬುಡದ ತುರಿಯನ್ನು ಹಳೆಯ ಟೂತ್‌ಬ್ರಶ್ಶಿನಿಂದ ತೆಗೆದು, ಮಣೆಯನ್ನು ನಲ್ಲಿಯ ಕೆಳಗೆ ಹಿಡಿಯದೆ ಬಟ್ಟೆಯಲ್ಲಿ ಒರೆಸಿ, ಅಲಗಿಗೆ ಒಂದು ಹನಿ ತೆಂಗಿನೆಣ್ಣೆ ಸವರಿ ಇಡಿ. ಬೆಣೆ ಹೊಡೆದ ಮೇಲೂ ಅಲಗು ಅಲ್ಲಾಡಿದರೆ ಬಳಸಬೇಡಿ, ಹೊಸ ಮಣೆಗೆ ಕೂರಿಸುವವರೆಗೆ ತೆಗೆದಿಡಿ.